ಚುಕ್ಕಿ ಬಿದ್ದ ಸಂಜೆ ಯಾರ ಸೂರಿಗೆ ಯಾವ ಸೊಪ್ಪು

ತೊಂಬತ್ತೇಳನೇ ಇಸವಿಯ ಕಡೇ ಕಾರ್ತಿಕ ಸೋಮವಾರ, ಸಂಜೆ ಏಳೂ ಮುಕ್ಕಾಲಿಗೆ, ನಂಜನಗೂಡು ಸೀಮೆಯ ಮೇಲೆ ಹಾದುಹೋದ ಬೆಂಕಿಚುಕ್ಕಿ ಅಂಥಿಂಥದ್ದಲ್ಲ. ಅದರ ಬೆಳಕಿಗೆ ತಿ. ನರಸೀಪುರದ ಹೊಳೆದಂಡೆಯಲ್ಲಿ ಕೂತವರು ನೀರಿನೊಳಗಿನ ಮೀನಿಗೆ ಮುಳ್ಳೆಷ್ಟು ಅಂತ ಎಣಿಸಿದರು. ಕವಲಂದೆಯ ಎಮ್ಮೆಗಳು ಬೆಳಗಾಯಿತೆಂದು ಎದ್ದು ನಿಂತು, ಆ ದಿನ ಮೂರು ಹೊತ್ತು ಹಾಲು ಕೊಟ್ಟವು. ತಾಂಡವಪುರದ ರಸ್ತೆಯಲ್ಲಿ ಲಾರಿ ಡ್ರೈವರೊಬ್ಬ ಎದುರು ಬರುವ ಗಾಡಿಯೆಂದು ತಿಳಿದು ಡಿಮ್ಮು ಡಿಪ್ಪು ಮಾಡಿ ಮಾಡಿ ಕೈ ಸೋತು, ಕೊನೆಗೆ ಲಾರಿಯನ್ನೇ ಗದ್ದೆಗಿಳಿಸಿ ಆಕಾಶಕ್ಕೆ ದಾರಿ ಬಿಟ್ಟುಕೊಟ್ಟ. ಇಷ್ಟೂ ನಿಜ. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ಕಮ್ಮಿ ಹೇಳಿದ್ದರಿಂದ ಆದ ಸುಳ್ಳು.

ಇಷ್ಟು ದೊಡ್ಡ ಸೀಮೆಯಲ್ಲಿ ಬೇರೆ ಜಾಗವೇ ಸಿಗಲಿಲ್ಲವೆಂಬಂತೆ ಆ ಬೆಳಕು ನೆಟ್ಟಗೆ ಬಂದು ಬಿದ್ದದ್ದು ಬಸಲೆಹುಂಡಿಯ ನೀರುಗಂಟಿ ಗೋವಿಂದಯ್ಯನ ತಲೆಯ ಮೇಲೆ.

ನೀರುಗಂಟಿಯೆಂದರೆ ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗದ್ದೆಗೆ ಹಂಚುವವನು. ಗೋವಿಂದಯ್ಯನ ತಾತ ನೀರುಗಂಟಿ, ಅಪ್ಪ ನೀರುಗಂಟಿ, ಮೂವತ್ತು ವರ್ಷದಿಂದ ಅವನೂ ನೀರುಗಂಟಿ. ಕಣದ ಕಾಲದಲ್ಲಿ ಒಬ್ಬೊಬ್ಬ ರೈತನೂ ಅಳೆದು ಹಾಕುವ ಭತ್ತವೇ ಅವನ ವರ್ಷದ ಅನ್ನ. ಅಂಥ ನೀರುಗಂಟಿ ಏಳು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಕಣ್ಣು ಮುಚ್ಚಿ ಕಾಲಿಟ್ಟರೆ ಸಾಕು, ಈ ನೀರು ಕಬಿನಿ ಕಟ್ಟೆಯಿಂದ ಸೋಮವಾರ ಹೊರಟಿದ್ದೋ ಮಂಗಳವಾರ ಹೊರಟಿದ್ದೋ ಹೇಳಿಬಿಡುತ್ತಿದ್ದ. ಅವನ ಹೆಗಲ ಮೇಲೆ ಸದಾ ಮೊಳದುದ್ದದ ಒಂದು ಕಬ್ಬಿಣದ ಹ್ಯಾಂಡಲು. ಊರ ಮೇಲಿನ ಮೇಲ್ತೂಬಿನ ತಿರುಪನ್ನು ತಿರುಗಿಸುವ ಹ್ಯಾಂಡಲು ಅದೊಂದೇ. ಹಬ್ಬದ ದಿನ ಅದಕ್ಕೂ ಕುಂಕುಮ.

ಆ ಸೋಮವಾರ ಕೆಳಗಿನ ಗದ್ದೆಗಳ ಸರದಿ. ಮೇಲಿನ ಗದ್ದೆಗಳ ಭತ್ತ ಹಣ್ಣಾಗಿ ಕುಡುಗೋಲಿಗೆ ಕಾದಿತ್ತು, ಅದಕ್ಕೆ ತೊಟ್ಟು ನೀರೂ ಬೇಡ. ಕೆಳಗಿನವರದು ತಡವಾಗಿ ನೆಟ್ಟ ಪೈರು, ತೆನೆಯಲ್ಲಿ ಇನ್ನೂ ಹಾಲು. ಮೇಲ್ತೂಬು ಮುಚ್ಚಿದ್ದರೆ ಮಾತ್ರ ನೀರು ಕೆಳಕ್ಕೆ ಹೋಗುತ್ತದೆ. ಹಗಲು ಮೇಲಿನ ತರಕಾರಿ ಹೊಲಗಳಿಗೆಂದು ತೆರೆದಿದ್ದ ಅದನ್ನು ಹೊತ್ತು ಮುಳುಗುವಾಗ ಗೋವಿಂದಯ್ಯ ಹನ್ನೆರಡು ಸುತ್ತು ತಿರುಗಿಸಿ ಮುಚ್ಚಿದ್ದ.

ಮಂಗಳವಾರ ಬೆಳಿಗ್ಗೆ ಊರು ಹೋಗಿ ನೋಡುತ್ತದೆ, ಮೇಲ್ತೂಬು ಬಾಯಿ ತೆರೆದುಕೊಂಡು ಗೊಳಗೊಳ ಅನ್ನುತ್ತಿದೆ. ರಾತ್ರಿಯೆಲ್ಲ ಹರಿದ ನೀರಿಗೆ ನಾಲ್ಕು ಮನೆಯವರ ಹಣ್ಣು ಭತ್ತ ಮಲಗಿಬಿಟ್ಟಿತ್ತು. ಆ ನೀರಿನಲ್ಲಿ ಕಪ್ಪೆಗಳು ಸಂಸಾರ ಹೂಡಿ, ಮಕ್ಕಳು ಮಾಡಿ, ಮೊಮ್ಮಕ್ಕಳಿಗೆ ಹೆಸರಿಡುವಷ್ಟರ ಮಟ್ಟಿಗೆ ಮಲಗಿತ್ತು.

ಬದುವಿನ ಮೇಲೆ ಮೊದಲು ಬಾಯಿ ತೆರೆದವನು ಗುರುಮಲ್ಲಪ್ಪ. ತೂಬಿನ ಮಗ್ಗುಲಿಗೇ ಅವನ ರಸಬಾಳೆ ತೋಟ, ಅದರ ಕೆಳಗೆ ಈ ನಾಲ್ಕು ಗದ್ದೆ. ನಾಲೆ ನೀರಿನ ಕಮಿಟಿಗೆ ಅವನೇ ಅಧ್ಯಕ್ಷ.

"ಲೇ ಗೋವಿಂದ, ಹ್ಯಾಂಡಲು ಯಾರ ತಾವ ಇತ್ಲಾ ರಾತ್ರ?"

"ನನ್ ತಾವೇ ಬುದ್ದಿ."

"ಅಂಗಾದ್ರೆ ತೂಬು ತಾನೇ ತಕ್ಕತ್ತಾ? ಇಲ್ಲಾ ಆ ಚುಕ್ಕಿನೇ ಕೈ ಚಾಚಿ ತಿರುಗುಸ್ಬುಟ್ಟು ಓಯ್ತಾ?"

ಜನ ನಕ್ಕರು. ನಗದೇ ನಿಂತವನು ನಟರಾಜ. ಗೋವಿಂದಯ್ಯನ ತಮ್ಮನ ಮಗ. ನೀರಲ್ಲಿ ಮಲಗಿದ್ದ ನಾಲ್ಕು ಗದ್ದೆಗಳಲ್ಲಿ ಒಂದು ಅವನದು, ಒಂದು ಎಕರೆ. ಅವನು ಹತ್ತಿರ ಬಂದ.

"ದೊಡ್ಡಪ್ಪ, ಬೆಳಕು ಬಂದಾಗ ನೀ ಎಲ್ಲಿದ್ದೆ? ನನ್ ಮಖ ನೋಡ್ಕಂಡು ಯೋಳು."

ಮುಖ ನೋಡುವುದೊಂದೇ ಗೋವಿಂದಯ್ಯನಿಂದ ಆಗಲಿಲ್ಲ. ಅವನು ಕೆಸರು ನೋಡಿಕೊಂಡು, "ತೂಬ್ ತಾವೇ ಇದ್ದಿ ಕಣಪ್ಪ" ಅಂದ.

"ತೂಬ್ ತಾವೇ ಇದ್ಯಾ. ಹ್ಯಾಂಡಲೂ ನಿನ್ ಕೈಲೇ ಇತ್ತು. ಅಂಗಾರೆ ಬುಟ್ಟೋರ್ ಯಾರು?"

ಆಗ ಗೋವಿಂದಯ್ಯ ತೂಬಿನ ತಿರುಪಿನ ಕಂಬಿ ತೋರಿಸಿದ. ಅದರ ಮೇಲೆ ನಾಯಿ ಕಚ್ಚಿದಂತೆ ಹೊಸ ಗೀರುಗಳು. ಹ್ಯಾಂಡಲು ಹಾಕಿ ತಿರುಗಿಸಿದರೆ ಗೀರು ಬೀಳುವುದಿಲ್ಲ. ಬೋರ್‌ವೆಲ್ ಪೈಪು ಹಿಡಿಯುವ ರಿಂಚಿನ ಹಲ್ಲು ಕೂತರೆ ಬೀಳುತ್ತದೆ. ರಿಂಚು ಊರಲ್ಲಿ ಹದಿನಾಲ್ಕು ಮನೆಯಲ್ಲಿದೆ.

"ನೀನೇ ಗೀರಿರ್ತೀಯ" ಅಂದ ಗುರುಮಲ್ಲಪ್ಪ. "ಸುಕ್ರವಾರ ಅರಳಿಕಟ್ಟೆ ತಾವ ಸೇರಾವ. ಹ್ಯಾಂಡಲು ತಕ್ಕಂಡ್ ಬಾ. ಈ ವರ್ಸದ ಕಣದ ಭತ್ತನೂ ಇಲ್ಲ, ಮುಂದ್ಕೆ ನೀರುಗಂಟಿಕೆನೂ ಇಲ್ಲ."

ಗೋವಿಂದಯ್ಯ ಆಗ ನಿಜ ಹೇಳಿಬಿಡಬಹುದಿತ್ತಲ್ಲ ಅಂದರೆ, ಆ ನಿಜವೂ ಕಳ್ಳಮಾಲೇ ಆಗಿತ್ತು.

ಊರಿನ ಕಡೇ ಗದ್ದೆಯೂ ಮುಗಿದು, ನೀರು ಬಸಿದುಹೋಗುವ ಹಳ್ಳದ ಆಚೆ, ಕೆಂಪಾಜಮ್ಮ ಅನ್ನುವ ವಿಧವೆಯ ಹದಿನೆಂಟು ಗುಂಟೆ ಇತ್ತು. ಇಲಾಖೆಯ ಪಟ್ಟಿಯಲ್ಲಿ ಅದು ನೀರಾವರಿಗೆ ಸೇರಿಲ್ಲ. ಅದಕ್ಕೆ ನೀರು ಬಿಡುವುದು ತಪ್ಪು. ಎರಡು ವರ್ಷದಿಂದ, ಕೆಳಗಿನ ಸರದಿ ಬಂದಾಗಲೆಲ್ಲ, ಗೋವಿಂದಯ್ಯ ಕತ್ತಲಾದ ಮೇಲೆ ಗುದ್ದಲಿ ಹಿಡಿದು ಹೋಗಿ ಕಾಲುವೆಯ ಏರಿಯನ್ನು ಒಂದು ಗೇಣು ಸೀಳಿ ಅರ್ಧ ಗಂಟೆ ನೀರು ಕುಡಿಸಿ ಮತ್ತೆ ಮುಚ್ಚಿ ಬರುತ್ತಿದ್ದ. ಆಕೆ ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ತನ್ನ ಗದ್ದೆಗೆ ಮಾತ್ರ ಮಂಜು ಜಾಸ್ತಿ ಬೀಳುತ್ತದೆಂದೇ ಆಕೆ ತಿಳಿದಿದ್ದಳೋ ಏನೋ. ಆ ಸೋಮವಾರವೂ ಅವನು ಏರಿ ಸೀಳಿ ಸೊಂಟ ನೆಟ್ಟಗೆ ಮಾಡಿದ್ದಾನೆ, ನೆತ್ತಿಯ ಮೇಲೆ ಹಗಲಾಯಿತು. ಅವನ ನೆರಳು ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಆಮೇಲೆ ಗುಡುಗು. ಸೀಳು ಮುಚ್ಚಿದ್ದಷ್ಟೇ ಅವನಿಗೆ ನೆನಪು. ಹೆದರಿ, ಮೂವತ್ತು ವರ್ಷದಲ್ಲಿ ಮೊದಲ ಸಲ ತೂಬಿನ ಗುಡಿಸಲಿಗೆ ಮಲಗಲು ಹೋಗದೆ ಮನೆಗೆ ಬಂದುಬಿಟ್ಟಿದ್ದ.

ಬರುವಾಗ ಕೈಲಿ ಒಂದು ಎಲೆ ತಂದಿದ್ದ. ಬಸಲೆಹುಂಡಿಯಲ್ಲಿ ಬೆಂಕಿಚುಕ್ಕಿ ಬೀಳುವುದನ್ನು ಕಂಡವರು ನಿಂತಲ್ಲೇ, ಉಸಿರು ಬಿಡುವುದರೊಳಗೆ, ಕೈಗೆ ಸಿಕ್ಕ ಹಸಿರು ಕೀಳಬೇಕು. ಅದನ್ನು ತಂದು ಮನೆಯ ಸೂರಿಗೆ ಸಿಕ್ಕಿಸಬೇಕು. ಅಮಾವಾಸ್ಯೆಗೆ ಮುಂಚೆ ತೆಗೆದರೆ ಆ ಮನೆಯ ಎಳೆಕುಡಿಗೆ ಕೇಡು. ಕಂಡ ಬೆಂಕಿಯನ್ನು ಹಸಿರು ನುಂಗಲಿ ಅಂತ ಹಿರಿಯರು ಮಾಡಿದ್ದು. ಮಂಗಳವಾರ ಬೆಳಿಗ್ಗೆ ಊರಿಗೆ ಊರೇ ತೋರಣ ಕಟ್ಟಿದ ಮದುವೆಮನೆಯಾಗಿತ್ತು. ಎಲ್ಲರ ಸೂರಲ್ಲೂ ಹಿಡಿಯಷ್ಟು ಸೊಪ್ಪು. ಗೋವಿಂದಯ್ಯನ ಸೂರಲ್ಲಿ ಮಾತ್ರ ಹೋಗಿ ಹೋಗಿ ಆನೆಯ ಕಿವಿಯಂಥ ಒಂದು ಕೆಸುವಿನ ಎಲೆ. ಕೆಸು ಊರಿಗೆಲ್ಲ ಬೆಳೆಯುವುದು ಒಂದೇ ಕಡೆ, ಕೆಂಪಾಜಮ್ಮನ ಹೊಲದ ಹಳ್ಳದಲ್ಲಿ.

ಅದನ್ನು ಮೊದಲು ಲೆಕ್ಕ ಹಾಕಿದವಳು ಹೆಂಡತಿ ದೇವೀರಮ್ಮ.

"ಎಲ್ ಸಿಕ್ತು ಈ ಎಲೆ?"

"ನಾಲೆ ಏರಿ ಮ್ಯಾಲೆ."

"ನಾಲೆ ಏರಿ ಮ್ಯಾಲೆ ಕೆಸು ಯಾವಾಗಿಂದ ಉಟ್ತು?" ಅಂದು ಅವಳು ಅನ್ನ ಬಡಿಸಿದಳು. ಆ ಮಂಗಳವಾರದಿಂದ ಶುಕ್ರವಾರದವರೆಗೆ ಬಡಿಸಿದ ಅನ್ನಕ್ಕೆ ಅವಳು ಉಪ್ಪು ಹಾಕಲಿಲ್ಲ.

ಎಲೆ ಕಿತ್ತೆಸೆಯೋಣವೆಂದರೆ ಮನೆಯಲ್ಲಿ ಬಾಣಂತಿ ಮಗಳು ಕವನ, ತೊಟ್ಟಿಲಲ್ಲಿ ಆರು ವಾರದ ಕೂಸು. ಕೂಸು ಸೀನಿದರೂ ದೇವೀರಮ್ಮ ಸೂರು ನೋಡುತ್ತಿದ್ದಳು.

ಬುಧವಾರ ಬೆಳಿಗ್ಗೆ ಒಂದು ಲೂನಾ ಬಂತು. ಅದರ ಮೇಲೆ ನಂಜನಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಚಕ್ರಪಾಣಿ ಮೇಷ್ಟ್ರು. ಹೆಗಲ ಚೀಲದಲ್ಲಿ ದಿಕ್ಸೂಚಿ, ಕೋನಮಾಪಕ, ಮಡಚಿ ಮಡಚಿ ಹರಿದ ಒಂದು ನಕ್ಷೆ, ದಪ್ಪ ನೋಟ್‌ಬುಕ್ಕು. ಅಷ್ಟು ಮುಗ್ಧ ಮನುಷ್ಯ ಭೂಮಿಯ ಮೇಲೆ ಮತ್ತೊಬ್ಬನಿಲ್ಲ. ಲೂನಾಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಯಾರಾದರೂ ಹುಡುಕಿಯಾರೆಂದು ಸೀಟಿನ ಮೇಲೇ ಇಟ್ಟು ಹೋಗುವಂಥವರು.

"ಸೋಮವಾರದ ಉಲ್ಕೆ ನೋಡಿದವರು ಯಾರ್ಯಾರಿದ್ದೀರಪ್ಪ? ಬೆಳಕು ಕಂಡಾಗ ಸರಿಯಾಗಿ ಎಲ್ಲಿ ನಿಂತಿದ್ರಿ, ಯಾವ ಕಡೆಯಿಂದ ಯಾವ ಕಡೆಗೆ ಹೋಯ್ತು, ಅಷ್ಟು ಹೇಳಿದ್ರೆ ಸಾಕು. ಎಲ್ಲರ ಗೆರೆ ಎಳೆದರೆ ಅವು ಒಂದು ಕಡೆ ಕೂಡುತ್ತೆ. ಕಲ್ಲು ಬಿದ್ದಿದ್ದರೆ ಅಲ್ಲೇ ಬಿದ್ದಿರುತ್ತೆ."

ಅರಳಿಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಮವಾರ ಏಳೂ ಮುಕ್ಕಾಲಿಗೆ ಎಲ್ಲಿ ನಿಂತಿದ್ದಿರಿ ಅಂತ ಒಬ್ಬ ಅಪರಿಚಿತ ಪೆನ್ನು ಹಿಡಿದು ಕೇಳುತ್ತಾನೆಂದರೆ ಅದರ ಹಿಂದೆ ಆಕಾಶವೊಂದೇ ಇರುವುದು ಸಾಧ್ಯವೆ?

"ಕರೆಂಟ್ ಇಲಾಖೆ ಕಡ್ಯೋನು" ಅಂತ ಪಿಸುಗುಟ್ಟಿದ ಮಾರಯ್ಯ. "ತಂತಿಗೆ ಕೊಕ್ಕೆ ಆಕಿರೋರ್ನ ಇಡಿಯಾಕೆ ಬಂದವ್ನೆ."

"ಅಲ್ಲ ಕಣ್ಲಾ, ಅಬಕಾರಿ" ಅಂದ ಮರಿಯಯ್ಯ. "ಚೀಲ ನೋಡು, ಎಂಗದೆ."

ಹೀಗಾಗಿ ಒಬ್ಬೊಬ್ಬರೂ ತಮಗೆ ಅನುಕೂಲವಾದ ಜಾಗದಲ್ಲಿ ನಿಂತು ಚುಕ್ಕಿ ನೋಡಿದರು. ಮಾರಯ್ಯ ದೇವಸ್ಥಾನದಲ್ಲಿ ಕಾರ್ತಿಕದ ದೀಪ ಹಚ್ಚುತ್ತಿದ್ದನಂತೆ. ಮರಿಯಯ್ಯ ಮನೆಯಲ್ಲಿ ಜ್ವರ ಬಂದು ಮಲಗಿದ್ದನಂತೆ, ಹೆಂಚಿನ ಸಂದಿಯಲ್ಲಿ ಕಂಡಿತಂತೆ. ಆ ಸಂಜೆ ಊರಿನ ನೂರಾ ಹತ್ತು ಗಂಡಸರಲ್ಲಿ ತೊಂಬತ್ತು ಜನ ದೇವಸ್ಥಾನದಲ್ಲಿದ್ದರು. ದೇವಸ್ಥಾನವೋ ಎಂಟು ಅಡಿ ಉದ್ದ, ಆರು ಅಡಿ ಅಗಲ. ಮೇಷ್ಟ್ರು ಗೆರೆ ಎಳೆದರು. ಬಸಲೆಹುಂಡಿಯೊಂದರಿಂದಲೇ ಚುಕ್ಕಿ ಒಂಬತ್ತು ದಿಕ್ಕಿಗೆ ಹೋಗಿತ್ತು.

"ಇರೋದೇ ಎಂಟಲ್ಲಪ್ಪ" ಅಂತ ಮೇಷ್ಟ್ರು ತಲೆ ಕೆರೆದುಕೊಂಡರು.

ಊರಿನ ಜಾಗವೆಲ್ಲ ಗೊತ್ತಿರುವವನು ನೀರುಗಂಟಿಯೆಂದು ಯಾರೋ ಹೇಳಿದ್ದರಿಂದ, ಅವರನ್ನು ಮನೆಮನೆಗೆ ಕರೆದುಕೊಂಡು ಹೋಗುವ ಕೆಲಸ ಗೋವಿಂದಯ್ಯನ ಪಾಲಿಗೆ ಬಂತು. ಅವನಿಗೂ ಅನುಮಾನ ಇಲ್ಲದಿರಲಿಲ್ಲ. ಇವರನ್ನು ಗುರುಮಲ್ಲಪ್ಪನೇ ಕಳಿಸಿರಬಹುದೆ? ಮಾತಲ್ಲಿ ಸಿಕ್ಕಿಸಲು?

"ನೀವೆಲ್ಲಿದ್ರಿ ಗೋವಿಂದಯ್ಯನವರೇ?"

"ತೂಬ್ ತಾವ ಸಾ."

ಮೇಷ್ಟ್ರು ಬರೆದುಕೊಂಡರು. ಆಮೇಲೆ ಅವರ ಕಣ್ಣು ಸೂರಿನ ಕಡೆ ಹೋಯಿತು. "ಅದೇನು, ಎಲ್ಲರ ಮನೆಯಲ್ಲೂ ಸೊಪ್ಪು?"

ಗೋವಿಂದಯ್ಯ ಪಕ್ಕದ ಮನೆಯ ಕಡೆ ಕೈ ತೋರಿಸಿದ. ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ ಹೇಳಿಬಿಟ್ಟಳು, ಸೊಪ್ಪಿನ ಕತೆ ಪೂರಾ. "ನಿಂತ ಜಾಗದಲ್ಲೇ ಕೀಳ್ಬೇಕು ಸಾಮಿ. ಎರಡೆಜ್ಜೆ ಓಗಿ ಕಿತ್ರೂ ಫಲ ಇಲ್ಲ" ಅಂತ ಗಂಡನ ಕಡೆ ನೋಡಿಯೇ ಹೇಳಿದಳು.

ಮೇಷ್ಟ್ರು ತಾವೆಳೆದ ಒಂಬತ್ತು ಗೆರೆ ನೋಡಿದರು, ಸೂರು ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. "ಅಯ್ಯೋ, ಬಾಯಿ ಮರೆತರೂ ಸೂರು ಮರೆಯಲ್ಲ ಅನ್ನಿ! ಜನಕ್ಕೆ ಜಾಗ ಸರಿಯಾಗಿ ನೆನಪಿರಲ್ಲ, ಪಾಪ. ಇದನ್ನೇ ಬರೆದುಕೊಂಡು ಹೋಗೋಣ."

ಪಾಪವಂತೆ! ಗೋವಿಂದಯ್ಯನಿಗೆ ಬೆನ್ನುಹುರಿಯಲ್ಲಿ ಜನವರಿ ತಿಂಗಳ ನೀರು ಹರಿಯಿತು. ಅವತ್ತು ಇಡೀ ದಿನ ಅವನು ಅವರ ಹಿಂದೆ ನಡೆದ. ಸೂರಿನ ಸೊಪ್ಪನ್ನು ಮನೆಯವರು ಖುಷಿಯಿಂದಲೇ ತೋರಿಸಿದರು; ಅದಕ್ಕೂ ತಾವು ಹೇಳಿದ ಜಾಗಕ್ಕೂ ಸಂಬಂಧ ಇರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ದೀಪ ಹಚ್ಚುತ್ತಿದ್ದ ಮಾರಯ್ಯನ ಸೂರಲ್ಲಿ ಈಚಲಗರಿ. ಈಚಲ ತೋಪಿನಲ್ಲಿ ಕತ್ತಲಾದ ಮೇಲೆ ಏನು ಸಿಗುತ್ತದೆಂದು ಊರಿನ ನಾಯಿಗಳಿಗೂ ಗೊತ್ತು. ಜ್ವರದಲ್ಲಿ ಮಲಗಿದ್ದ ಮರಿಯಯ್ಯನ ಸೂರಲ್ಲಿ ಮೂಲಂಗಿ ಸೊಪ್ಪು, ಗೆಡ್ಡೆ ಸಮೇತ, ಮಣ್ಣು ಸಮೇತ. ಮರಿಯಯ್ಯನಿಗೆ ಮೂಲಂಗಿ ಹೊಲ ಇಲ್ಲ. ಅಂತೂ ಆ ಊರಿನಲ್ಲಿ ಹೇಳಿದ ಜಾಗದಲ್ಲಿ ನಿಂತಿದ್ದವರೆಂದರೆ ದೇವಸ್ಥಾನದ ಬಸವನೊಬ್ಬನೇ, ಅವನು ಕಲ್ಲಿನವನು.

ಗುರುಮಲ್ಲಪ್ಪನ ಮನೆಗೆ ಬಂದಾಗ ಗೋವಿಂದಯ್ಯ ಎಂದಿನಂತೆ ಗೇಟಿನಾಚೆ ನಿಂತ. ಒಳಗೆ ಹಿತ್ತಿಲ ಸೂರಿಗೆ ಸಿಕ್ಕಿಸಿದ್ದೇನೆಂದು ಅವನಿಗೆ ಕಾಣಲಿಲ್ಲ. ಗುರುಮಲ್ಲಪ್ಪ ಮೈಸೂರಿಗೆ ಹೋಗಿದ್ದ. ಅವನ ತಾಯಿ ಪುಟ್ಟಗೌರಮ್ಮ, ಎಂಬತ್ತರ ಮುದುಕಿ, "ನನ್ ಮಗ ಜಗಲಿ ಮ್ಯಾಲೆ ಕುಂತು ಕಂಡೆ ಅಂದ ಕಣಪ್ಪ, ಮೂರು ತುಂಡಾಗದ ಕಂಡ್ನಂತೆ" ಅನ್ನುವುದಷ್ಟೇ ಕೇಳಿಸಿತು.

ಶುಕ್ರವಾರ ಮಧ್ಯಾಹ್ನ ಊರು ಅರಳಿಕಟ್ಟೆಗೆ ಸೇರಿತು. ಕಟ್ಟೆಯ ಮೇಲೆ ಗುರುಮಲ್ಲಪ್ಪ, ಕೆಳಗೆ ಗಂಡಸರು, ಬೇವಿನ ಮರದ ನೆರಳಲ್ಲಿ ಹೆಂಗಸರು. ದೇವೀರಮ್ಮ ಒಂದು ತುದಿಗೆ, ಕೆಂಪಾಜಮ್ಮ ಇನ್ನೊಂದು ತುದಿಗೆ; ಇಬ್ಬರ ನಡುವೆ ಮಾತ್ರ ಜನರಿಲ್ಲ. ಗೋವಿಂದಯ್ಯ ಹ್ಯಾಂಡಲನ್ನು ಹೆಗಲಿಂದಿಳಿಸಿ ಕಾಲಬುಡದಲ್ಲಿ ಇಟ್ಟುಕೊಂಡಿದ್ದ. ಕಟ್ಟೆಯ ಮೇಲೆ ಇಡು ಅಂದರೆ ಇಡಬೇಕು. ಇಟ್ಟರೆ ಮುಗಿಯಿತು.

"ಮಾತು ಕಮ್ಮಿ" ಅಂದ ಗುರುಮಲ್ಲಪ್ಪ. "ಹ್ಯಾಂಡಲು ಇವನ ಕೈಲಿ, ಇವನು ತೂಬ್ ತಾವ. ತಾನೇ ಒಪ್ಕಂಡವ್ನೆ. ಇಡ್ಲಾ ಇಲ್ಲಿ."

ಅಷ್ಟರಲ್ಲಿ ಲೂನಾದ ಶಬ್ದ ಬಂತು. ಮೇಷ್ಟ್ರು ಗಾಡಿಯನ್ನು ಸ್ಟ್ಯಾಂಡಿಗೂ ಹಾಕದೆ ನೋಟ್‌ಬುಕ್ಕು ಆಡಿಸುತ್ತ ಓಡಿಬಂದರು. ಅವರ ಮುಖ ಗೆದ್ದ ಕುಸ್ತಿಪಟುವಿನದು.

"ಕೂಡ್ತು! ಎಲ್ಲರೂ ಇದ್ದೀರಿ, ಒಳ್ಳೇದಾಯ್ತು. ಸೊಪ್ಪು ಬೆಳೆಯೋ ಜಾಗದಿಂದ ಗೆರೆ ಎಳೆದೆ, ಮೂವತ್ತೊಂದು ಗೆರೆನೂ ನರಸೀಪುರದ ಆಚೆ ಒಂದೇ ಕಡೆ ಕೂಡ್ತು. ಇನ್ನೊಂದೇ ಒಂದು ಬಾಕಿ. ಗುರುಮಲ್ಲಪ್ಪನವರು ಜಗಲಿ ಮೇಲೆ ಇದ್ರಂತೆ, ಆದರೆ ಅವರ ಸೂರಲ್ಲಿರೋದು ಲಕ್ಕಿ ಸೊಪ್ಪು. ಜಗಲಿ ಹತ್ತಿರ ಲಕ್ಕಿ ಕಾಣಲಿಲ್ಲ. ಲಕ್ಕಿ ಈ ಊರಲ್ಲಿ ಎಲ್ಲಿ ಬೆಳೆಯುತ್ತೆ, ಯಾರಾದರೂ ಹೇಳ್ತೀರಾ?"

ಅಲ್ಲಿದ್ದವರೆಲ್ಲ ಒಟ್ಟಿಗೆ ತಮ್ಮ ತಮ್ಮ ಕಾಲಿನ ಉಗುರು ನೋಡಿಕೊಂಡರು.

ಎಲ್ಲರಿಗೂ ಗೊತ್ತಿತ್ತು. ಬಸಲೆಹುಂಡಿಯಲ್ಲಿ ಲಕ್ಕಿ ಇರುವುದು ಮೇಲ್ತೂಬಿನ ಎರಡು ಮಗ್ಗುಲಲ್ಲಿ ಮಾತ್ರ. ಏರಿ ಕುಸಿಯದಿರಲೆಂದು, ದನ ಬಾಯಿ ಹಾಕದ ಗಿಡವೆಂದು, ಗೋವಿಂದಯ್ಯನ ತಾತ ತಂದು ನೆಟ್ಟದ್ದು. ಎಲ್ಲರಿಗೂ ಗೊತ್ತಿತ್ತು; ಒಬ್ಬರೂ ಬಾಯಿ ಬಿಡಲಿಲ್ಲ. ಗುರುಮಲ್ಲಪ್ಪನ ಟ್ರಾಕ್ಟರು ಬೇಡದ ಮನೆ ಊರಲ್ಲಿ ಯಾವುದಿದೆ?

ಗೋವಿಂದಯ್ಯನಿಗೆ ಸೋಮವಾರದ ಬೆಳಕು ಎರಡನೇ ಸಲ ಹತ್ತಿಕೊಂಡಿತು. ಗುರುಮಲ್ಲಪ್ಪ ತನ್ನ ರಸಬಾಳೆ ತೋಟಕ್ಕೆ ಒಂದು ಗಳಿಗೆ ನೀರು ಕದಿಯಲು ರಿಂಚು ಹಿಡಿದು ಬಂದಿದ್ದಾನೆ, ತಿರುಪು ತಿರುಗಿಸಿದ್ದಾನೆ, ನೆತ್ತಿಯ ಮೇಲೆ ಬೆಂಕಿ ಬಿದ್ದಿದೆ, ಲಕ್ಕಿ ಕಿತ್ತುಕೊಂಡು ಓಡಿದ್ದಾನೆ. ಮುಚ್ಚುವುದನ್ನು ಮರೆತು.

ಹೇಳಿಬಿಡಬೇಕು. ಆದರೆ ಅದೇ ನೋಟ್‌ಬುಕ್ಕಿನಲ್ಲಿ ಕೆಸುವಿನ ಎಲೆಯೂ ಇದೆ. ತಾನು ಲಕ್ಕಿ ಅಂದ ಮರುಕ್ಷಣ ಗುರುಮಲ್ಲಪ್ಪ, ಇವನದೂ ಓದಿ ಅಂತಾನೆ. ಆಗ ತೂಬಿನಲ್ಲಿದ್ದೆ ಅಂದ ಸುಳ್ಳೂ, ಪಟ್ಟಿಯಲ್ಲಿಲ್ಲದ ಗದ್ದೆಗೆ ಬಿಟ್ಟ ನೀರೂ ಒಟ್ಟಿಗೆ ಬೀದಿಗೆ ಬರುತ್ತವೆ. ಸುಮ್ಮನಿದ್ದರೆ ಹ್ಯಾಂಡಲು ಹೋಗುತ್ತದೆ, ಮಾತಾಡಿದರೂ ಹೋಗುತ್ತದೆ. ನೀರಿಗೆ ಎರಡೂ ಕಡೆ ಇಳಿಜಾರಾದರೆ ನೀರುಗಂಟಿ ಏನು ಮಾಡಬೇಕೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ.

"ಸಾ" ಅಂದ ಗೋವಿಂದಯ್ಯ. "ಅದ್ಕೂ ಮುಂಚೆ ನಂದು ಓದಿ."

"ನಿಮ್ಮದಾ? ಗೋವಿಂದಯ್ಯನವರು. ತೂಬಿನ ಹತ್ತಿರ ಅಂದ್ರು. ಸೂರಲ್ಲಿ ಕೆಸುವಿನ ಎಲೆ."

"ತೂಬ್ ತಾವ ಅಂದದ್ದು ಸುಳ್ಳು ಸಾ. ನಾನು ಕೆಂಪಾಜಮ್ಮನ ಒಲದ ತಾವ ಇದ್ದಿ." ಹೆಂಗಸರ ಕಡೆಯಿಂದ ಬಂದ ಶಬ್ದಕ್ಕೆ ಕಿವಿಗೊಡದೆ ಮುಂದೆ ಹೇಳಿದ. "ಏರಿ ಸೀಳಿ ಅವ್ಳ ಹದಿನೆಂಟು ಗುಂಟೆಗೆ ಅರ್ಧ ಗಂಟೆ ನೀರ್ ಬುಟ್ಟಿ. ಎರಡು ವರ್ಸದಿಂದ ಬುಡ್ತಾವ್ನಿ. ಅವ್ಳಿಗೂ ಗೊತ್ತಿಲ್ಲ. ಅದು ಪಟ್ಟೀಲಿ ಇಲ್ಲ, ಬುಡಬಾರ್ದು, ನಂಗೊತ್ತು. ಈಗ ಲಕ್ಕಿ ಎಲ್ ಬೆಳೀತದೆ ಅಂತ ಯೋಳ್ತೀನಿ ಬರ್ಕಳಿ. ಮೇಲ್ತೂಬ್ ತಾವ. ಅಲ್ ಬುಟ್ರೆ ಎಲ್ಲೂ ಇಲ್ಲ."

ಗುರುಮಲ್ಲಪ್ಪ ಎದ್ದು ನಿಂತ. "ಯಾವಾನೋ ಕೂಲಿಯೋನು ತಂದು ಸಿಗ್ಸಿರ್ತಾನೆ! ಸೊಪ್ಪು ಸಾಕ್ಷಿ ಏನ್ಲಾ, ಸೊಪ್ಪು?"

"ಥೂ, ಬುಡ್ತು ಅನ್ನು" ಅಂದಳು ಬೇವಿನ ಮರದಡಿಯಿಂದ ಪುಟ್ಟಗೌರಮ್ಮ. "ಸೂರಿನ ಸೊಪ್ಪಿಗ್ ಸುಳ್ ಯೋಳ್ಬ್ಯಾಡ ಮಗ, ಮೊಮ್ಮಕ್ಳವೆ ಮನೇಲಿ. ಕೆಸರು ಕಾಲಲ್ಲೇ ಓಡ್ ಬಂದು ನನ್ ಕೈಗೇ ಕೊಡ್ನಿಲ್ವಾ ನೀನು? ಮಡ್ಡಿ ಎಣ್ಣೆ ಮೆತ್ಕಂಡಿದ್ ರಿಂಚು ಅಡುಗೆಮನೇಲಿ ಇಟ್ಬುಟ್ಟು, ಅವ್ವ ನೀರ್ ಕೊಡು ಅಂದ್ಯಲ್ಲ."

ಆ ನಗು! ಅದು ಬದನವಾಳು ದಾಟಿ ನಂಜನಗೂಡಿನ ರೈಲ್ವೆ ಸ್ಟೇಷನ್ನಿಗೆ ಕೇಳಿಸಿ, ಸ್ಟೇಷನ್ ಮಾಸ್ಟರು ರೈಲು ಬಂತೆಂದು ಬಾವುಟ ಹಿಡಿದು ಹೊರಗೆ ಬಂದರು. ಗುರುಮಲ್ಲಪ್ಪನ ಮುಖ ಮಾತ್ರ ಸುಟ್ಟ ಬದನೆಕಾಯಿ.

ಆದರೂ ಅವನು ಸುಲಭದ ಆಸಾಮಿಯಲ್ಲ. "ಆಯ್ತು. ನಾಲ್ಕ್ ಮನೆ ಭತ್ತ ನಾನ್ ಕಟ್ಕೊಡ್ತೀನಿ, ನನ್ ಕಣದಿಂದ. ಆದ್ರೆ ಇವ್ನು? ಇವ್ನೂ ಕಳ್ಳನೇ. ಕಳ್ಳನ ಕೈಲಿ ಹ್ಯಾಂಡಲು ಕೊಡಾಕಾಯ್ತದಾ? ಯೋಳಿ ನೀವೇ!"

ಹೌದು ಹೌದು ಅಂತ ನಾಲ್ಕು ಗಂಟಲು ಎದ್ದವು. ಅದರಲ್ಲಿ ಮಾರಯ್ಯನದು ಜೋರು. "ನಂಬಿಕೆ ಅನ್ನದು ಬ್ಯಾಡ್ವಾ? ಎಲ್ಲಿದ್ದೆ ಅಂದ್ರೆ ಸುಳ್ ಯೋಳ್ದೋನು ನೀರ್ ಎಂಗ್ ಅಂಚಾನು?"

ಆಗ ನಟರಾಜ ಮುಂದೆ ಬಂದ.

"ಸರಿಯಾದ್ ಮಾತು ಮಾರಣ್ಣ. ಸಾ, ಪುಸ್ತಕ ಮೊದಲ್ನಿಂದ ಓದಿ. ಒಬ್ಬೊಬ್ರುದೂ. ಎಲ್ಲಿದ್ದೆ ಅಂದ್ರು, ಸೂರಲ್ಲಿ ಏನದೆ. ಯಾರು ಸುಳ್ ಯೋಳಿಲ್ವೋ ಅವ್ರು ಬಂದು ಈ ಹ್ಯಾಂಡಲು ಎತ್ಕಳ್ಳಿ."

"ಓ, ಓದ್ತೀನಿ" ಅಂತ ಮೇಷ್ಟ್ರು ಖುಷಿಯಾಗಿ ಮೊದಲ ಹಾಳೆ ತಿರುವಿದರು. "ಒಂದನೇದು, ಮಾರಯ್ಯ..."

"ಸಾಕು ಬುಡಿ ಸಾ!" ಅಂತ ಮಾರಯ್ಯ ಕೂಗಿದ ಕೂಗಿಗೆ ಮರದ ಕಾಗೆಗಳು ಎದ್ದವು. "ಬಿಸ್ಲಾಯ್ತು, ನಿಮ್ ಗಂಟ್ಲು ಒಣಗ್ತದೆ!"

"ಎರಡನೇದು, ಮರಿಯಯ್ಯ..."

ಮರಿಯಯ್ಯ ಆಗಲೇ ಎದ್ದು ಹೋಗುತ್ತಿದ್ದ. ಜ್ವರ ಮತ್ತೆ ಬಂದಂತಿದೆ ಅಂತ ಹಿಂದೆ ನೋಡದೆಯೇ ಹೇಳಿದ. ಒಬ್ಬನಿಗೆ ಕರು ನೆನಪಾಯಿತು, ಒಬ್ಬನಿಗೆ ಒಲೆಯ ಮೇಲಿಟ್ಟ ನೀರು. ಮೇಷ್ಟ್ರು ಐದನೇ ಹೆಸರಿಗೆ ಬರುವಷ್ಟರಲ್ಲಿ ಕಟ್ಟೆಯ ಮುಂದೆ ಚಪ್ಪಲಿ ಮರೆತು ಹೋದವರ ಚಪ್ಪಲಿಗಳೇ ಇದ್ದವು. ಗುರುಮಲ್ಲಪ್ಪ ತಾಯಿಯ ಕೈ ಹಿಡಿದುಕೊಂಡು, ಅವಳು ಇನ್ನೇನಾದರೂ ಹೇಳುವುದರೊಳಗೆ ನಡೆಸಿಕೊಂಡು ಹೋದ.

"ಏನಾಯ್ತು ಇವರಿಗೆಲ್ಲ?" ಅಂದರು ಮೇಷ್ಟ್ರು. ಆಮೇಲೆ ಅವರು ಲಕ್ಕಿಯ ಗೆರೆಯನ್ನೂ ಎಳೆದು, ಅದೂ ಸರಿಯಾಗಿ ಕೂಡಿದ್ದಕ್ಕೆ ತಮ್ಮಷ್ಟಕ್ಕೆ ನಕ್ಕು, ಕಲ್ಲು ಹುಡುಕಲು ನರಸೀಪುರದ ಕಡೆ ಹೊರಟುಹೋದರು.

ದೇವೀರಮ್ಮ ಗಂಡನ ಎದುರಿಗೆ ಬಂದು ನಿಂತಳು. "ನೀರ್ ಬುಡಾಕೇ ಓಗಿದ್ದಾ?"

"ನೀರ್ ಬುಡಾಕೇ."

"ನಿಜವಾಗ್ಲೂ ಬರೀ ನೀರೇಯ?"

"ಬರೀ ನೀರೇ ಕಣೆ."

ಅವಳು ಕೆಂಪಾಜಮ್ಮನ ಕಡೆ ಒಂದು ಸಲ ನೋಡಿದಳು, ಗಂಡನ ಕಡೆ ಒಂದು ಸಲ. ನಂಬಿದಳೆಂದು ಹೇಳಲಾಗದು, ಆದರೆ ಮನೆಯ ಕಡೆ ಹೊರಟ ಅವಳ ನಡಿಗೆಯಲ್ಲಿ ನಾಲ್ಕು ದಿನದ ರಭಸ ಇರಲಿಲ್ಲ.

ಹ್ಯಾಂಡಲು ನೆಲದ ಮೇಲೇ ಇತ್ತು. ಬಾಗಿ ಎತ್ತಿಕೊಳ್ಳಲು ಗೋವಿಂದಯ್ಯನಿಗೆ ಧೈರ್ಯ ಬರಲಿಲ್ಲ. ಹೊತ್ತು ಆಗಲೇ ಪಡುವಲಿಗೆ ತಿರುಗಿತ್ತು. ಇವತ್ತೂ ಕೆಳಗಿನ ಸರದಿ. ಗುರುಮಲ್ಲಪ್ಪ ಹೋದ ಮೇಲೆ ಇಟ್ಟುಕೋ ಅನ್ನುವವರೂ ಇಲ್ಲ, ಬಿಡು ಅನ್ನುವವರೂ ಇಲ್ಲ.

ನಟರಾಜ ಬಂದು ಅದನ್ನು ಎತ್ತಿಕೊಂಡ. ಕೈಯಲ್ಲಿ ತೂಗಿ ನೋಡಿದ.

"ನಿನ್ ಮಾತ್ ಕೇಳ್ಕಂಡು ನನ್ ಭತ್ತ ಎದ್ ನಿಂತ್ಕಳಲ್ಲ ದೊಡ್ಡಪ್ಪ. ನೀ ತೂಬ್ ತಾವ ಇದ್ದಿದ್ರೆ ಅವ್ನು ಬತ್ತಿರ್ನಿಲ್ಲ."

"ಊಂ ಕಣಪ್ಪ."

"ನನ್ ಮಖ ನೋಡಿ ಯೋಳು ಅಂದ್ರೂ ಸುಳ್ ಯೋಳ್ದೆ. ನಂಗೇ."

ಗೋವಿಂದಯ್ಯ ಈ ಸಲ ಮುಖ ನೋಡಿದ.

"ಕೆಂಪಾಜವ್ವನ ಒಲಕ್ಕೆ ಅರ್ಧ ಗಂಟೆ ಬುಡು. ಎಲ್ರ ಸರದಿ ಆದ್ಮೇಲೆ, ಯೋಳಿ ಬುಡು. ಯಾರ್ ಬ್ಯಾಡ ಅಂತಾರೋ ನಾನ್ ನೋಡ್ತೀನಿ. ಕದ್ದು ಮಾತ್ರ ಬುಡಬ್ಯಾಡ." ಅವನು ಹ್ಯಾಂಡಲನ್ನು ದೊಡ್ಡಪ್ಪನ ಕೈಗೆ ಕೊಟ್ಟ. "ಸುಗ್ಗಿ ಮುಗಿಯೋಗಂಟ ನಾನೂ ತೂಬ್ ತಾವ ಬತ್ತೀನಿ, ದಿನಾಲೂ."

"ನಂಗ್ ಜೊತೆಗಾ?"

"ಕಾವ್ಲಿಗೆ."

ಇಬ್ಬರೂ ಏರಿ ಹಿಡಿದು ನಡೆದರು, ಗೋವಿಂದಯ್ಯ ಮುಂದೆ, ನಟರಾಜ ಹತ್ತು ಮಾರು ಹಿಂದೆ. ಮಲಗಿದ್ದ ಭತ್ತದ ಗದ್ದೆ ದಾಟುವಾಗ ಇಬ್ಬರೂ ಆ ಕಡೆ ನೋಡಲಿಲ್ಲ. ತೂಬಿನ ಹತ್ತಿರ ಗೋವಿಂದಯ್ಯ ಹ್ಯಾಂಡಲನ್ನು ತಿರುಪಿಗೆ ಕೂರಿಸಿ, ಹಗಲು ತೆರೆದಿದ್ದ ಬಾಯಿ ಮುಚ್ಚಲು ಸುತ್ತತೊಡಗಿದ. ಹಿಂದಿನಿಂದ ನಟರಾಜ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಿದ. ಮೂವತ್ತು ವರ್ಷದಲ್ಲಿ ಗೋವಿಂದಯ್ಯನ ಸುತ್ತನ್ನು ಯಾರೂ ಎಣಿಸಿರಲಿಲ್ಲ. ಅವನು ಎಣಿಸಲಿ ಅಂತ ನಿಧಾನವಾಗಿ ತಿರುಗಿಸಿದ, ಹನ್ನೆರಡು ಆಗುವವರೆಗೂ.